ಜೇನುಬಂಧು ಗಂಗುಲಪ್ಪನ ಬಣ್ಣದ ಪೆಟ್ಟಿಗೆಗಳು

ಪರರು ಮೆಚ್ಚಬೇಕೆಂಬ ಹಸಿವು ಹೊಟ್ಟೆಯ ಹಸಿವಿಗಿಂತ ನಾಚಿಕೆಗೆಟ್ಟದ್ದು. ಹೊಟ್ಟೆಯಾದರೂ ಉಂಡ ಮೇಲೆ ಸುಮ್ಮನಾಗುತ್ತದೆ. ಈ ಹಸಿವಿನಿಂದ ಬಳಲುವವರು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಆದರೆ ಒಂದು ಹುಳುವಿನ ಹೆಸರು ಹೇಳಿಕೊಂಡು ಮೆಚ್ಚುಗೆಯನ್ನು ಸಂಪಾದಿಸಿ, ಆ ಹುಳುವಿಗೆ ಒಂದು ಬೊಗಸೆ ನೀರಿಡಲು ಸೊಂಟ ಬಗ್ಗಿಸದವನು ಶ್ರೀನಿವಾಸಪುರದ ಕಡೆಯಲ್ಲಿ ಗಂಗುಲಪ್ಪನೊಬ್ಬನೇ.

ಮುಳಬಾಗಿಲಿಗೆ ಹೋಗುವ ರಸ್ತೆಗೆ ತಾಗಿದಂತೆ ಅವನಿಗೊಂದು ಮಾವಿನ ತೋಪುಂಟು. ಮರಗಳನ್ನು ನೆಟ್ಟವನು ಅವನ ತಾತ; ನೀರೆರೆದು ಬೆಳೆಸಿದವನು ತಂದೆ. ಗಂಗುಲಪ್ಪನು ತಾನಾಗಿ ನೆಟ್ಟದ್ದು ರಸ್ತೆಯಂಚಿನ ಫಲಕವೊಂದನ್ನು ಮಾತ್ರ. ಹಳದಿ ತಗಡಿನ ಮೇಲೆ ಕೆಂಪಕ್ಷರಗಳಲ್ಲಿ 'ಗಂಗುಲಪ್ಪ ಜೇನು ಸಂರಕ್ಷಣಾ ಕೇಂದ್ರ' ಎಂದು ಬರೆಸಲಾಗಿದೆ. ಓಡುವ ಬಸ್ಸಿನಲ್ಲಿ ಕುಳಿತವರಿಗೆ ಮೊದಲನೆಯ ಪದವೊಂದೇ ಕಾಣುತ್ತದೆ. ಮಿಕ್ಕವು ಕಾಣುವಷ್ಟು ದಪ್ಪವಾಗಿಲ್ಲ.

ಇದಕ್ಕೂ ಮೊದಲು ಅವನು ತಾಳವನ್ನು ಕೈಯಲ್ಲಿ ಹಿಡಿಯದೆ ಭಜನಾ ಮಂಡಳಿಯ ಅಧ್ಯಕ್ಷನಾಗಿದ್ದನು. ಏಕಾದಶಿಯ ರಾತ್ರಿ ಮಿಕ್ಕವರು ದೇವರ ನಾಮ ಹಾಡುತ್ತಿದ್ದರೆ ಅವನು ಮೈಕಿನ ತಂತಿಯನ್ನು ಸರಿಪಡಿಸುವ ನೆಪದಲ್ಲಿ ನಡುವೆ ನಿಂತಿರುತ್ತಿದ್ದನು. ಎರೆಗೊಬ್ಬರದ ಕಾಲ ಬಂದಾಗ ತೊಟ್ಟಿ ಕಟ್ಟಿಸಿ, ಅದರ ಪಕ್ಕದಲ್ಲಿ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡನು. ಮರುವರ್ಷ ಆ ತೊಟ್ಟಿಯಲ್ಲಿ ಕೋಳಿಗಳಿದ್ದವು; ಎರೆಹುಳುಗಳ ಗತಿಯೇನಾಯಿತೆಂಬುದನ್ನು ಕೋಳಿಗಳನ್ನೇ ಕೇಳಬೇಕು.

ಅನಂತರ ಜೇನಿನ ಸರದಿ ಬಂದಿತು. ಈಚಿನ ವರ್ಷಗಳಲ್ಲಿ ಕೋಲಾರದ ಸೀಮೆಯ ಋತುಗಳು ಕಟ್ಟಳೆ ಮೀರಿವೆ. ಮಾವು ಹೂಬಿಡುವುದಕ್ಕೆ ಬೇಕಾದ ಚಳಿ ಬರಬೇಕಾದ ಹೊತ್ತಿಗೆ ಬರುವುದಿಲ್ಲ. ವೈಶಾಖದಲ್ಲಿ ಕಾಣಬೇಕಾದ ಉರಿ ಮಾಘ ಮುಗಿಯುವ ಮೊದಲೇ ಕಾಣಿಸಿಕೊಳ್ಳುತ್ತದೆ. ಒಂದು ಕೊಂಬೆಯಲ್ಲಿ ಹೂವಿದ್ದರೆ ಇನ್ನೊಂದರಲ್ಲಿ ಚಿಗುರು. ಹೂವಿದ್ದಾಗ ಜೇನಿಲ್ಲ, ಜೇನಿದ್ದಾಗ ಹೂವಿಲ್ಲ. ಇದನ್ನು ಕಂಡ ಕೋಲಾರದ ಒಂದು ಸಂಘದವರು ತೋಪಿನವರನ್ನು ಕರೆದು ತರಬೇತಿ ಕೊಟ್ಟು, ತುಡುವೆ ಜೇನಿನ ಪೆಟ್ಟಿಗೆಗಳನ್ನು ಹಂಚಿದರು. ತುಡುವೆಯೆಂದರೆ ಪೆಟ್ಟಿಗೆಗೆ ಒಗ್ಗುವ ಸಾಧು ಜಾತಿ. ಆದರೆ ಬಿಸಿಲು ಹೆಚ್ಚಿ, ನೀರು ದೂರವಾಗಿ, ಹೊಟ್ಟೆಗಿಲ್ಲದಂತಾದರೆ ಯಾರನ್ನೂ ಕೇಳದೆ ಎದ್ದು ಹೋಗುತ್ತದೆ. ಆದಕಾರಣ ಪೆಟ್ಟಿಗೆ ನೆರಳಿನಲ್ಲಿರಬೇಕು, ಹತ್ತಿರದಲ್ಲಿ ನೀರಿರಬೇಕು, ಮೇಲೆ ಒದ್ದೆಯ ಗೋಣಿಯಿರಬೇಕು, ಹೂವಿಲ್ಲದ ತಿಂಗಳುಗಳಿಗಾಗಿ ಗೂಡಿನೊಳಗಿನ ಮೇಣದ ಎರಿಗಳಲ್ಲಿ ಜೇನನ್ನು ಉಳಿಸಿರಬೇಕು ಎಂದು ಸಂಘದ ಕಾರ್ಯದರ್ಶಿ ಅಮರನಾಥ್ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಗಂಗುಲಪ್ಪನು ಮುಂದಿನ ಸಾಲಿನಲ್ಲಿ ಕುಳಿತು, ಫೋಟೋ ತೆಗೆಯುವವನು ಯಾವ ಕಡೆಯಿಂದ ಬರುತ್ತಾನೆಂಬುದರ ಮೇಲೆ ಗಮನವಿಟ್ಟಿದ್ದನು.

ಆ ತರಬೇತಿಯಲ್ಲಿ ಅವನ ತಲೆಗೆ ಹತ್ತಿದ್ದು ಒಂದೇ ಪಾಠ. ಅದಕ್ಕೂ ಬೇರೊಂದು ಕಾರಣವಿತ್ತು. ಈ ಕಡೆ ತೋಪಿನ ಒಡೆಯರು ಹೂವಿನ ಕಾಲದಲ್ಲಿಯೇ ಫಸಲನ್ನು ಗುತ್ತಿಗೆಗೆ ಬಿಡುತ್ತಾರೆ. ಹೂವು ಗುತ್ತಿಗೆದಾರನ ಪಾಲಾದ ಮೇಲೆ ಔಷಧಿ ಹೊಡೆಯುವ ಹಕ್ಕೂ ಅವನದೇ. ಗಂಗುಲಪ್ಪನ ತೋಪನ್ನು ಹಿಡಿದವನು ಶ್ರೀನಿವಾಸಪುರದ ಹಣ್ಣಿನ ವ್ಯಾಪಾರಿ ರಹಮತ್ತುಲ್ಲಾ. ಜಿಗಿಹುಳು ಬಿದ್ದ ದಿನ ಆತನು ಬಂದು, "ಗಂಗುಲಪ್ಪಣ್ಣ, ನಾಳೆ ಬೆಳಿಗ್ಗೆ ಔಷಧಿ ಹೊಡೀತಾರೆ. ನಿಮ್ಮ ಮಕ್ಕಳನ್ನ ಒಳಗೆ ಕೂಡ್ಕೊಳಿ. ಆಮೇಲೆ ಸಾಬ್ರು ಸಾಯಿಸಿದ್ರು ಅನ್ಬೇಡಿ" ಎಂದು ಹೇಳಿದ್ದನು. ಹೊತ್ತು ಮುಳುಗಿದ ಮೇಲೆ ಪೆಟ್ಟಿಗೆಯ ಬಾಗಿಲನ್ನು ಮುಚ್ಚಿ, ಒದ್ದೆಯ ಗೋಣಿ ಹೊದಿಸಿ, ಔಷಧಿ ಆರಿದ ಮೇಲೆ ತೆಗೆಯಬೇಕೆಂಬುದು ತರಬೇತಿಯ ಪಾಠ. ಆಗ ಇನ್ನೂ ಚಳಿಯ ಎಂಜಲು ಉಳಿದಿತ್ತು, ಹುಳುಗಳು ಬದುಕಿಕೊಂಡವು. ಬಾಗಿಲು ಮುಚ್ಚಿದರೆ ಜೇನು ಉಳಿಯುತ್ತದೆ ಎಂಬ ಅರ್ಧ ಸತ್ಯವು ಗಂಗುಲಪ್ಪನ ತಲೆಯಲ್ಲಿ ಪೂರ್ಣ ಸತ್ಯವಾಗಿ ಕುಳಿತಿತು. ಗೋಣಿಯನ್ನು ಒದ್ದೆ ಮಾಡಿ ಹೊದಿಸಿದವಳು ಹೆಂಡತಿಯಾದ್ದರಿಂದ ಆ ಭಾಗ ಅವನ ನೆನಪಿನಲ್ಲಿ ಉಳಿಯಲಿಲ್ಲ.

ಹೆಂಡತಿ ಆಂಜಿನಮ್ಮ ಅವನ ಸ್ವಂತ ಅಕ್ಕನ ಮಗಳು. ಮದುವೆಗೆ ಮೊದಲು ಕರೆಯುತ್ತಿದ್ದಂತೆ ಈಗಲೂ ಮಾಮ ಎಂದೇ ಕರೆಯುತ್ತಾಳೆ. ಆ ಕರೆಯಲ್ಲಿ ಇದ್ದಿರಬಹುದಾದ ಗೌರವ ಮಾತ್ರ ಬಹುಕಾಲದ ಹಿಂದೆಯೇ ಸವೆದುಹೋಗಿದೆ. ಸಂಘದಿಂದ ಬಂದ ಆರು ಪೆಟ್ಟಿಗೆಗಳನ್ನು ಗಂಗುಲಪ್ಪನು ಫಲಕದ ಕೆಳಗೆ, ಬಟ್ಟಬಯಲಿನಲ್ಲಿ, ಸಾಲಾಗಿ ಇಡಿಸಿದಾಗಲೇ ಅವಳು ಆಕ್ಷೇಪಿಸಿದ್ದಳು.

"ಮಾಮ, ಇವನ್ನ ಕೊಟ್ಟಿಗೆ ಹಿಂದೆ ಹುಣಸೆಮರದ ಕೆಳಗೆ ಇಡು. ಇಲ್ಲಿ ನಾಯಿ ಕೂಡ ನಿಲ್ಲಲ್ಲ."

"ಹುಣಸೆಮರದ ಕೆಳಗಿಟ್ರೆ ಯಾರಿಗ್ ಕಾಣ್ತದೆ?"

"ಯಾರಿಗ್ ಕಾಣ್ಬೇಕು? ಅವೇನು ಮದುವೆ ಹೆಣ್ಣಾ?"

"ನಿಂಗೆ ಗೊತ್ತಾಗಲ್ಲ ಬಿಡು. ಜನ ನೋಡಿ ಕಲೀಬೇಕು."

ಜನ ಕಲಿಯಲಿಲ್ಲ, ಹುಳುಗಳು ಒಣಗಿದವು. ಮಧ್ಯಾಹ್ನವಾದರೆ ಅವು ಬಾಗಿಲಿನ ಹೊರಗೆ ಗಡ್ಡದಂತೆ ಜೋತುಬಿದ್ದು ರೆಕ್ಕೆ ಬೀಸುತ್ತಿದ್ದವು. ಆಂಜಿನಮ್ಮ ಗೊಣಗುತ್ತಲೇ ಪ್ರತಿಯೊಂದಕ್ಕೂ ಗೋಣಿ ಹೊದಿಸಿ, ದಿನವೂ ನೀರು ಹೊಯ್ದು, ದನದ ಬಾನಿಯಲ್ಲಿ ಹುಳುಗಳು ಕೂರುವುದಕ್ಕೆಂದು ಕಲ್ಲುಗಳನ್ನಿಟ್ಟಳು. ಸಂಘದವರು ಕೊಟ್ಟ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಆ ಬೇಸಿಗೆಯಲ್ಲಿ ಬರಿದಾದವು, ಗಂಗುಲಪ್ಪನವು ಉಳಿದವು. ಉಳಿಸಿದ ಕೀರ್ತಿಯನ್ನು ಫಲಕವು ಸ್ವೀಕರಿಸಿತು.

ಮರುವರ್ಷ ಯುಗಾದಿಗೆ ಮುಂಚೆ ಅಮರನಾಥ್ ಬಂದು, ಕುರ್ಚಿಯಲ್ಲಿ ಕುಳಿತು, ಮಜ್ಜಿಗೆ ಕುಡಿದು ವಿಷಯ ತೆಗೆದರು.

"ಗಂಗುಲಪ್ಪನವರೇ, ತಾಲ್ಲೂಕಿಗೊಂದು ಮಾದರಿ ಕೇಂದ್ರ ಮಾಡ್ತಾ ಇದೀವಿ. ಬೇಸಿಗೆ ತಡ್ಕೊಂಡಿರೋ ಜೇನು ನಿಮ್ಮಲ್ಲಿದೆ. ಮಳೆ ಬಂದ್ಮೇಲೆ ಒಂದೊಂದು ಗೂಡನ್ನ ಎರಡು ಪಾಲು ಮಾಡಿ ಮಾಲೂರು, ಕೋಲಾರದ ರೈತರಿಗೆ ಕೊಡೋಣ. ಬಿಸಿಲಿಗೆ ಒಗ್ಗಿದ ಸಂತಾನ ಅಲ್ವಾ. ಯುಗಾದಿ ಆದ್ಮೇಲೆ ನಮ್ಮ ಅಧ್ಯಕ್ಷರು ಬಂದು ನೋಡ್ತಾರೆ. ನಿಮಗೆ ಜೇನುಬಂಧು ಅಂತ ಬಿರುದು, ಶಾಲು. ಒಂದೇ ಮಾತು, ಅವತ್ತು ಪೆಟ್ಟಿಗೇಲಿ ಜೀವ ಇರ್ಬೇಕು."

ಬಿರುದು ಎಂಬ ಮಾತು ಕಿವಿಗೆ ಬಿದ್ದೊಡನೆ ಗಂಗುಲಪ್ಪನ ಮುಖದಲ್ಲಿ ಮೂಡಿದ ಕಳೆಯನ್ನು ಗರ್ಭಗುಡಿಯ ಬಾಗಿಲು ತೆರೆದಾಗಲೂ ಯಾರೂ ಕಂಡಿರಲಿಲ್ಲ. ಮಾಲೂರಿನ ರೈತರಿಗೆ ಬೇಕಾದದ್ದು ಬಿಸಿಲನ್ನು ತಾಳುವ ಜೇನು. ಅವನಿಗೆ ಬೇಕಾದದ್ದು ಹೆಗಲ ಮೇಲಿನ ಶಾಲು. ಎರಡೂ ಒಂದೇ ಪೆಟ್ಟಿಗೆಗಳಲ್ಲಿದ್ದುದು ಆ ಹುಳುಗಳ ದುರದೃಷ್ಟ.

ಮಾರನೆಯ ದಿನದಿಂದಲೇ ಸಿದ್ಧತೆ ಮೊದಲಾಯಿತು. ಐದು ಪೆಟ್ಟಿಗೆಗಳಿಗೆ ಕಡುನೀಲಿ ಬಣ್ಣ ಬಳಿಸಿ, ಪ್ರತಿಯೊಂದರ ಮೇಲೆಯೂ ತನ್ನ ಹೆಸರನ್ನು ಬರೆಸಿದನು. ಟ್ರ್ಯಾಕ್ಟರು ತಾಗಿ ಆರನೆಯ ಪೆಟ್ಟಿಗೆಯ ಮುಚ್ಚಳ ಸೀಳಿತ್ತು. ಅದು ನೋಟಕ್ಕೆ ಒಪ್ಪುವುದಿಲ್ಲವೆಂದು ಹುಳುಗಳ ಸಹಿತವಾಗಿಯೇ ಕೊಟ್ಟಿಗೆಯ ಹಿಂದಕ್ಕೆ, ಹುಣಸೆಮರದ ಬುಡಕ್ಕೆ ತಳ್ಳಿಸಿದನು. ಆಂಜಿನಮ್ಮ ಅದರ ಸೀಳಿಗೆ ಸಗಣಿ ಮೆತ್ತಿದಳು.

ಬರುವವರಿಗೆ ಜೇನು ಕೊಡಬೇಕಲ್ಲವೇ? ಅವರು ಬರುವ ಹಿಂದಿನ ಸಂಜೆ ಐದು ಪೆಟ್ಟಿಗೆಗಳ ಮೇಲಂತಸ್ತಿನ ಎರಿಗಳನ್ನು ಒಂದೂ ಬಿಡದೆ ಕಿತ್ತು, ಸಾಲದೆಂದು ಕೆಳಗಿನ ಮರಿಗಳ ಎರಿಗಳಿಂದಲೂ ಅಂಚಿನದನ್ನು ಕೊಯ್ದು, ಬಟ್ಟೆಯಲ್ಲಿ ಕಟ್ಟಿ ಹಿಂಡಿದನು. ಹಸುಗೂಸುಗಳ ರಸ ಬೆರೆತ ಆ ದ್ರವ್ಯದಲ್ಲಿ ಒಂದು ಸೀಸೆಯನ್ನು ಆವನಿಯ ದೇವರ ಅಭಿಷೇಕಕ್ಕೆಂದು ಬೇರೆಯಾಗಿ ಎತ್ತಿಟ್ಟನು. ಪಂಚಾಮೃತಕ್ಕೆ ಸಲ್ಲುವ ಜೇನು ಹೇಗಿರಬೇಕೆಂಬುದು ಗುಡಿಯ ಮೆಟ್ಟಿಲು ತುಳಿದ ಮಗುವಿಗೂ ತಿಳಿದಿದೆ. ಆದರೆ ದೇವರೂ ತನ್ನ ಫಲಕವನ್ನು ಓದಿರುತ್ತಾನೆಂಬುದು ಗಂಗುಲಪ್ಪನ ನಂಬಿಕೆಯಾಗಿತ್ತು.

ಸಮಾರಂಭದ ದಿನ ಬೆಳಕು ಹರಿಯುವ ಮೊದಲೇ, ಹುಳುಗಳು ಹೊರಬೀಳುವ ಮುನ್ನ, ಅವನು ಐದೂ ಪೆಟ್ಟಿಗೆಗಳ ಬಾಗಿಲುಗಳನ್ನು ತಗಡಿನ ತುಂಡುಗಳಿಂದ ಮುಚ್ಚಿದನು. ಅಧ್ಯಕ್ಷರಿಗೆ ಒಂದು ಹುಳು ಕಚ್ಚಿದರೆ ಬಿರುದು ಹಾರಿಹೋಗುವುದೆಂಬ ಭಯ. ಜೊತೆಗೆ, ಬಾನಿಯ ನೀರಿಗೆ ಬರುವ ಹುಳುಗಳು ಪಾನಕದ ಹಂಡೆಗೂ ಮುತ್ತುತ್ತವೆಂದು ಬಾನಿಯನ್ನು ಬೋರಲು ಹಾಕಿಸಿದನು. ಹೆಸರು ಮರೆಯಾಗುತ್ತದೆಂದು ಗೋಣಿಗಳನ್ನು ಕಿತ್ತು ಮೂಲೆಗೆಸೆದನು. ಹೀಗೆ ನೆರಳು, ನೀರು, ಗಾಳಿ, ಆಹಾರ ಎಂಬ ನಾಲ್ಕನ್ನೂ ಕಿತ್ತುಕೊಂಡ ಮೇಲೆ ಜೇನು ಸಂರಕ್ಷಣಾ ಕೇಂದ್ರವು ಅತಿಥಿಗಳಿಗಾಗಿ ಅಣಿಯಾಯಿತು.

ಅತಿಥಿಗಳು ಬೆಳಗಿನ ತಿಂಡಿಯ ಹೊತ್ತಿಗೆ ಬರಬೇಕಾಗಿತ್ತು. ಹೊತ್ತು ನೆತ್ತಿಯ ಕಡೆಗೆ ಏರಿದರೂ ಬರಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದ ಆಂಜಿನಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸುಟ್ಟಂತಾಗಿ ಹಿಂದಕ್ಕೆಳೆದುಕೊಂಡಳು.

"ಮಾಮ, ಬಾಗಿಲು ತೆಗಿ. ಒಳಗೆ ಬೇಯ್ತಾವೆ."

"ಔಷಧಿ ದಿನ ಮುಚ್ಚಿರ್ಲಿಲ್ವಾ? ಏನಾಯ್ತು ಅವಕ್ಕೆ?"

"ಅವತ್ತು ಈ ಬಿಸಿಲಿತ್ತಾ? ಗೋಣಿ ಹಾಕಿದ್ದೋಳು ಯಾರು? ನಿಮ್ಮಜ್ಜಿನಾ?"

"ಲೇ, ಫೋನ್ ಬಂತು ಕಣೇ. ಚಿಂತಾಮಣಿ ಕ್ರಾಸ್ ದಾಟಿದಾರಂತೆ. ಇನ್ನೇನ್ ಬಂದೇಬಿಟ್ರು. ಈಗ ತೆಗದ್ರೆ ಎಲ್ಲಾ ಎದ್ದು ಹೋಗ್ತವೆ, ಬರೀ ಪೆಟ್ಟಿಗೆ ತೋರಿಸ್ಲಾ?"

ಅವಳು ಒಂದು ಕೊಡ ನೀರು ತಂದು ಮೊದಲ ಪೆಟ್ಟಿಗೆಯ ಮೇಲೆ ಸುರಿಯಹೋದಳು. ಅವನು ಕೊಡದ ಬಾಯಿಯನ್ನು ಹಿಡಿದುಕೊಂಡನು. ಹೊಸದಾಗಿ ಬರೆಸಿದ ಅಕ್ಷರಗಳು ಇಳಿದುಬರುತ್ತವೆಂದು ಅವನ ಆತಂಕ.

"ಚಾಲು, ಸಾಕು ಬಿಡು ಮಾಮ," ಎಂದಳು ಆಂಜಿನಮ್ಮ, ಕೊಡವನ್ನು ಕೆಳಗಿಡುತ್ತ. "ನಿನ್ ಪೆಟ್ಟಿಗೆ, ನಿನ್ ಹೆಸ್ರು. ಪಾಪಾನೂ ನೀನೇ ಇಟ್ಕೋ."

ಆ ನೀರನ್ನು ಅವಳು ಹಿಂದಿನ ಮುರುಕು ಪೆಟ್ಟಿಗೆಯ ಗೋಣಿಯ ಮೇಲೆ ಹೊಯ್ದು, ಅನ್ನ ಬಸಿಯಲು ಹೋದಳು. ಹೋಗಬಾರದಾಗಿತ್ತು, ತಗಡಿನ ತುಂಡೊಂದನ್ನು ಸರಿಸಲು ಒಬ್ಬ ಗಂಡಸಿನ ಅಪ್ಪಣೆ ಬೇಕಾಗಿರಲಿಲ್ಲ. ಮುನಿಸಿಕೊಂಡು ಹಿಂದೆ ಸರಿಯುವುದು ಕೂಡ ಕೆಲವು ವೇಳೆ ಕೇಡಿಗೆ ಕೈ ಜೋಡಿಸಿದಂತೆಯೇ.

ಸೂರ್ಯನು ನೆತ್ತಿಯಿಂದ ಇಳಿಯಲಾರಂಭಿಸಿದ ಮೇಲೆ ಕಾರುಗಳು ಬಂದವು. ಅಧ್ಯಕ್ಷರೆಂಬ ಸ್ಥೂಲಕಾಯರು ಶಾಮಿಯಾನದ ನೆರಳಿನಿಂದ ಹೊರಗೆ ಬರಲೊಪ್ಪದೆ, ಕುಳಿತಲ್ಲಿಂದಲೇ ಭೂಮಿಯ ತಾಪ ಏರುತ್ತಿರುವುದನ್ನು ಕುರಿತು ದೀರ್ಘವಾಗಿ ಮಾತನಾಡಿದರು. ಅವರ ಬೆನ್ನ ಹಿಂದೆ ಒಂದು, ಎದುರಿಗೆ ಒಂದು ಫ್ಯಾನು ತಿರುಗುತ್ತಿದ್ದವು. ಮಾತು ಮುಗಿದ ಬಳಿಕ ಗಂಗುಲಪ್ಪನು ಅವರನ್ನು ಕೈಹಿಡಿದು ಪೆಟ್ಟಿಗೆಗಳ ಬಳಿಗೆ ಕರೆತಂದನು.

"ಹತ್ರ ಬನ್ನಿ ಸಾರ್, ಏನೂ ಮಾಡಲ್ಲ. ಒಳಗೆ ಕೂಡಿದೀನಿ. ಕಿವಿ ಇಟ್ಟು ಕೇಳಿ."

ಅಧ್ಯಕ್ಷರು ಕಿವಿಯಿಟ್ಟರು. ಒಳಗಿನಿಂದ ಎಡೆಬಿಡದ ಮೊರೆತ ಕೇಳಿಬಂದಿತು. ಗೂಡು ಕಾದಾಗ ಹುಳುಗಳೆಲ್ಲವೂ ಒಟ್ಟಾಗಿ ರೆಕ್ಕೆ ಬಡಿದು ಗಾಳಿಯಾಡಿಸಲು ಹೆಣಗುತ್ತವೆ. ಹೊರಕ್ಕೆ ದಾರಿಯಿಲ್ಲದ ಆ ಹೆಣಗಾಟದ ಸದ್ದದು.

"ಆಹಾ, ಓಂಕಾರದ ಹಾಗಿದೆ," ಎಂದರು ಅಧ್ಯಕ್ಷರು, ಕಣ್ಣು ಮುಚ್ಚಿ.

ಸಾಯುತ್ತಿರುವ ಜೀವಗಳ ಆರ್ತನಾದದಲ್ಲಿ ಓಂಕಾರವನ್ನು ಕೇಳಿಸಿಕೊಳ್ಳುವ ಕಿವಿಗಳು ಇಂಥ ಅಧ್ಯಕ್ಷರಿಗಲ್ಲದೆ ಬೇರೆ ಯಾರಿಗಿದ್ದಾವು? ಅಲ್ಲಿಯೇ ಶಾಲು ಹೊದಿಸಲಾಯಿತು, ಬಿರುದಿನ ಫಲಕ ಕೈ ಬದಲಿಸಿತು, ಚಪ್ಪಾಳೆಯಾಯಿತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಮೊದಲನೆಯ ಪೆಟ್ಟಿಗೆಯ ಬಾಗಿಲಿನ ಸಂದಿನಿಂದ ಹೊಂಬಣ್ಣದ ಎಳೆಯೊಂದು ಜಾರಿ, ನೀಲಿ ಬಣ್ಣದ ಮೇಲೆ ಇಳಿಯಿತು. ಬಳಿಕ ಎರಡನೆಯದರಿಂದಲೂ ಇಳಿಯಿತು.

"ನೋಡ್ರಪ್ಪಾ, ಜೇನು ತುಂಬಿ ತಾನಾಗೇ ಉಕ್ತಾ ಇದೆ," ಎಂದು ಯಾರೋ ಕೂಗಿದರು.

ನೆರೆದವರು ಮುನ್ನುಗ್ಗಿ ಬೆರಳೊಡ್ಡಿದರು. ಕೆಲವರು ನೆಕ್ಕಿದರು, ಕೆಲವರು ತೀರ್ಥವೆಂಬಂತೆ ಕಣ್ಣಿಗೊತ್ತಿಕೊಂಡರು. ಹಿಂದಿನ ಸಂಜೆಯಷ್ಟೇ ಎರಿಗಳನ್ನು ಬರಿದು ಮಾಡಿದ್ದ ಗಂಗುಲಪ್ಪನಿಗೆ, ಉಕ್ಕುವಷ್ಟು ಜೇನು ಒಳಗಿಲ್ಲವೆಂಬುದು ತಿಳಿದಿರಲೇಬೇಕು. ಆದರೂ ಅವನು ಕೈ ಮುಗಿದು, "ಎಲ್ಲಾ ದೇವರ ದಯೆ" ಎಂದನು. ಅಮರನಾಥ್ ಮಾತ್ರ ಬೆರಳೊಡ್ಡಲಿಲ್ಲ. ಮೇಣ ಕರಗಿ ಎರಿ ಕುಸಿದಾಗ ಒಳಗೆ ಉಳಿದ ಅಷ್ಟಿಷ್ಟು ಜೇನು ಹೀಗೆಯೇ ಸೋರುವುದೆಂದು ತರಬೇತಿಯಲ್ಲಿ ಚಿತ್ರ ತೋರಿಸಿ ಹೇಳಿದ್ದವರು ಅವರೇ. ಅವರು ಗಂಗುಲಪ್ಪನನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಬಳಿಕ ಕ್ಯಾಮೆರಾವನ್ನು ನೋಡಿ ನಕ್ಕರು. ತಿಳಿಯದವನ ತಪ್ಪಿಗೆ ಕ್ಷಮೆಯುಂಟು. ಆ ನಗೆಗೆ ಯಾವ ಶಾಸ್ತ್ರದಲ್ಲಿಯೂ ಪ್ರಾಯಶ್ಚಿತ್ತ ಹೇಳಿಲ್ಲ.

ಊಟವಾಯಿತು, ಎಲೆ ಅಡಿಕೆಯಾಯಿತು, ಕಾರುಗಳು ಹೊರಟವು. ಹೊರಡುವಾಗ ಪೆಟ್ಟಿಗೆಗೆ ಕಿವಿಯಿಡಬೇಕೆಂದು ಯಾರಿಗೂ ತೋರಲಿಲ್ಲ. ಇಟ್ಟಿದ್ದರೆ ಏನೂ ಕೇಳುತ್ತಿರಲಿಲ್ಲ.

ಆಂಜಿನಮ್ಮ ಬಂದು ತಗಡುಗಳನ್ನು ಕಿತ್ತೆಸೆದು ಮುಚ್ಚಳಗಳನ್ನು ತೆರೆದಳು. ಎರಿಗಳು ಚೌಕಟ್ಟುಗಳಿಂದ ಕಳಚಿ, ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ಆ ಮುದ್ದೆಯಲ್ಲಿ ಹುಳುಗಳು ರೆಕ್ಕೆ ಅಂಟಿಕೊಂಡು ಸತ್ತಿದ್ದವು. ಕೊನೆಯವರೆಗೂ ಗಾಳಿ ಬೀಸಿದ ಹುಳುಗಳು ಬಾಗಿಲಿಗೆ ತಲೆಯಿಟ್ಟು ಸಾಲಾಗಿ ಮಲಗಿದ್ದವು. ಐದು ಪೆಟ್ಟಿಗೆಗಳಲ್ಲಿಯೂ ಅದೇ ನೋಟ. ಗಂಗುಲಪ್ಪನು ಶಾಲನ್ನು ಹೊದ್ದೇ ನಿಂತಿದ್ದನು. "ಯಾರಿಗೂ ಹೇಳ್ಬೇಡ ಕಣೇ" ಎಂದನು. ಸತ್ತವುಗಳನ್ನು ಕುರಿತು ಅವನು ಆಡಿದ ಮಾತು ಅದೊಂದೇ.

ಅವಳು ಆವನಿಯ ಗುಡಿಗೆಂದು ಎತ್ತಿಟ್ಟಿದ್ದ ಸೀಸೆಯನ್ನು ತಂದು ಹುಣಸೆಮರದ ಬುಡಕ್ಕೆ ಹೋದಳು. ಅಲ್ಲಿ, ನೋಟಕ್ಕೆ ಒಪ್ಪದ ಆ ಪೆಟ್ಟಿಗೆಯ ಬಾಗಿಲಿನಲ್ಲಿ ಹುಳುಗಳು ಬರುತ್ತಲೂ ಹೋಗುತ್ತಲೂ ಇದ್ದವು. ಸೀಸೆಯ ಜೇನನ್ನು ತೆಂಗಿನ ಚಿಪ್ಪಿನಲ್ಲಿ ಸುರಿದು, ಮುಳುಗದಂತೆ ಕಡ್ಡಿಗಳನ್ನು ಹಾಕಿ, ಅವಕ್ಕೇ ಇಟ್ಟಳು. ಆ ಜೇನು ಕೊನೆಗೆ ಯೋಗ್ಯವಾದ ಕಡೆ ನೈವೇದ್ಯವಾಯಿತು.

ಬಿರುದಿನ ಸುದ್ದಿ ಪತ್ರಿಕೆಯಲ್ಲಿ ಬಂದಿತು. ಅಮರನಾಥ್ ಫೋನು ಮಾಡಿ, ಮಳೆ ಬಂದ ಕೂಡಲೇ ಪಾಲು ಮಾಡಲು ಬರುವುದಾಗಿ ತಿಳಿಸಿದರು. ಅಂದು ಕಂಡದ್ದರ ಬಗ್ಗೆ ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಜೇನುಬಂಧುವಿನ ಬಳಿ ಜೇನಿಲ್ಲವೆಂಬ ಸಂಗತಿ ಹೊರಬಿದ್ದರೆ ಫಲಕವನ್ನು ಕೀಳಬೇಕಾಗುತ್ತದೆ. ಗಂಗುಲಪ್ಪನು ನೀಲಿ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಹಿಡಿದು ಹುಣಸೆಮರದ ಕಡೆಗೆ ನಡೆದನು.

ಆಂಜಿನಮ್ಮ ಅಡ್ಡ ನಿಂತಳು. "ಆ ಕುಂಚ ಇತ್ಲಾಗ್ ತಂದ್ರೆ ಕೈ ಮುರೀತೀನಿ."

"ಒಂದಿದ್ರೆ ಎರಡ್ ಮಾಡ್ಬೋದು, ಎರಡಿದ್ರೆ ನಾಲ್ಕು. ಮಳೆಗಾಲಕ್ಕೆ ಅವರು ಬರ್ತಾರೆ ಕಣೇ. ನನ್ ಮರ್ಯಾದೆ ಪ್ರಶ್ನೆ."

"ಮರ್ಯಾದೆ ಬೇಕಂದ್ರೆ ನೀರ್ ಹೊರು, ಆಮೇಲೆ ಎರಡ್ ಮಾಡ್ಬೋದು. ಇನ್ನೂ ಬಿಸಿಲು ಐತೆ. ದಿನಾ ಮಧ್ಯಾಹ್ನ ನೀನೇ ಕೊಡ ಎತ್ತು, ನೀನೇ ಗೋಣಿ ನೆನ್ಸು. ಒಂದಿನ ತಪ್ಪಿಸ್ದೆ ಅಂದ್ರೆ ಅಮರನಾಥಂಗೆ ನಾನೇ ಫೋನ್ ಮಾಡ್ತೀನಿ."

ಧರ್ಮಬುದ್ಧಿಯಿಂದಲ್ಲ, ಭಯದಿಂದ ಅವನು ಒಪ್ಪಿದನು.

ಬಿರುದಿನ ಬೆನ್ನಲ್ಲೇ ಉಪನ್ಯಾಸಗಳೂ ಬಂದವು. ಮಾಲೂರಿನ ಲಕ್ಕೂರಿನಲ್ಲಿ ಸೌತೆ, ಕುಂಬಳ ಬೆಳೆಯುವವರ ಸಭೆಯಲ್ಲಿ ಅವನು ಶಾಲು ಹೊದ್ದು ಮಾತನಾಡಿದನು. "ಬಿಸಿಲಲ್ಲಿ ಬಾಗ್ಲು ಮುಚ್ಬೇಡಿ. ಗೋಣಿ ತೆಗೀಬೇಡಿ. ಮೇಣ ಕರಗಿ ಎರಿ ಬಿದ್ಹೋಗ್ತದೆ. ಜೇನು ಸೋರ್ತಿದ್ರೆ ಖುಷಿ ಪಡ್ಬೇಡಿ, ಒಳಗೆ ಸತ್ತಿರ್ತವೆ." ಅವನು ತನ್ನ ಆಯುಷ್ಯದಲ್ಲಿ ಆಡಿದ ಮಾತುಗಳಲ್ಲಿ ನಿಜವಾದವು ಇವಿಷ್ಟೇ ಇರಬಹುದು.

ಮುಂದೆ ಕುಳಿತಿದ್ದ ಹೆಂಗಸೊಬ್ಬಳು, "ಇದು ನಿಮಗೆಂಗೆ ಗೊತ್ತಾಯ್ತಣ್ಣ?" ಎಂದು ಕೇಳಿದಳು.

ಗಂಗುಲಪ್ಪನು ಬಾಯಿ ತೆರೆದನು. ಒಂದು ಕ್ಷಣ ಅವನ ಕಣ್ಣುಗಳಲ್ಲಿ ಏನೋ ಕದಲಿತು. ಬಾಗಿಲಿಗೆ ತಲೆಯಿಟ್ಟು ಮಲಗಿದ್ದ ಆ ಸಾಲು ಹಾದುಹೋಗಿರಬಹುದು. ಆಮೇಲೆ ಅವನು ಶಾಲನ್ನು ಸರಿಪಡಿಸಿಕೊಂಡು, "ಓದಿದ್ದೆ ಕಣಮ್ಮ" ಎಂದನು. ಆ ಸುಳ್ಳಿನಿಂದ ಅವನಿಗೆ ನಷ್ಟವಾಗಲಿಲ್ಲ; ಆ ನಿಜದಿಂದ ಲಕ್ಕೂರಿನ ಪೆಟ್ಟಿಗೆಗಳು ಆ ಬೇಸಿಗೆಯನ್ನು ದಾಟಿದವು. ಅಯೋಗ್ಯನ ಬಾಯಿಂದಲೂ ಹಿತವನ್ನು ನುಡಿಸುವ ಭಗವಂತನ ಸಂಕಲ್ಪ ನಮಗೆ ನಿಲುಕುವಂಥದಲ್ಲ. ಆ ಹಿತಕ್ಕಾಗಿ ಅಯೋಗ್ಯನಿಗೆ ಕೈ ಮುಗಿಯಬೇಕಾಗಿಯೂ ಇಲ್ಲ.

ಈಗ ಮಧ್ಯಾಹ್ನ ಆ ತೋಪಿನ ಕಡೆ ಹೋದವರಿಗೆ, ಜೇನುಬಂಧು ಗಂಗುಲಪ್ಪನು ಕೊಡ ಹೊತ್ತು ಕೊಟ್ಟಿಗೆಯ ಹಿಂದಕ್ಕೆ ನಡೆಯುವುದು ಕಾಣುತ್ತದೆ. ಮೊನ್ನೆ ಕಾಯಿ ನೋಡಲು ಬಂದ ರಹಮತ್ತುಲ್ಲಾ ಮರದ ಕೆಳಗೆ ನಿಂತು ನಕ್ಕನು.

"ಏನ್ ಗಂಗುಲಪ್ಪಣ್ಣ, ಬಿರುದು ಬಂದ್ಮೇಲೆ ಆಳ್ ಕೆಲ್ಸಕ್ಕೆ ಬಿದ್ರಾ?"

"ಮೆಲ್ಲಗ್ ಮಾತಾಡು ಭಾಯ್. ರಸ್ತೇಲಿ ಕಾರ್ ನಿಂತಂಗಿದೆ."

ಅವನು ಕೊಡವನ್ನು ಹುಣಸೆಯ ಬುಡದ ಮರೆಗೆ ಸರಿಸಿ, ಟವಲಿನಿಂದ ಕೈ ಒರಸಿಕೊಂಡು, ಯಾವುದೋ ಕೊಂಬೆಯನ್ನು ಪರೀಕ್ಷಿಸುವವನಂತೆ ಮೇಲೆ ನೋಡುತ್ತ ನಿಂತನು. ಕಾರು ಹೊರಟುಹೋಯಿತು. ಆಗ ಬಗ್ಗಿ ಕೊಡವನ್ನೆತ್ತಿ, ಹೆಸರಿಲ್ಲದ ಆ ಪೆಟ್ಟಿಗೆಯ ಗೋಣಿ ಪೂರ್ತಿ ನೆನೆಯುವವರೆಗೂ ನೀರು ಹೊಯ್ದನು. ಕೊಟ್ಟಿಗೆಯ ಬಾಗಿಲಿನಲ್ಲಿ ಆಂಜಿನಮ್ಮ ನಿಂತಿದ್ದಳು.